ತೆಳುವೆಂಬ ಮಾತು

ಚಿನ್ನದ ಗಣಿಯೂರಾದ ಚಾಂಪಿಯನ್ ರೀಫ್ಸಿನಲ್ಲಿ, ಸೈನೈಡ್ ದಿಬ್ಬಗಳು ಎದುರಿಗೆ ಕಾಣುವ ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ನಿವೃತ್ತ ಗಣಿಕಾರ್ಮಿಕರೊಬ್ಬರು, ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ಒಂದನ್ನು ಹೆಬ್ಬೆರಳಿನಿಂದ ಅಂಗೈಗೆ ಒತ್ತಿಕೊಳ್ಳುತ್ತ, ತಮಿಳು ಬೆರೆತ ಕನ್ನಡದಲ್ಲಿ, "ರಕ್ತ ತೆಳು ಮಾಡೋ ಮಾತ್ರೆ ಸಾರ್, ತೆಳುವಾದಷ್ಟೂ ಒಳ್ಳೇದು" ಎಂದರು. ಮಾತ್ರೆಯನ್ನು ಅವರು ಅವಶ್ಯವಾಗಿ ನುಂಗಲಿ. 'ತೆಳು' ಎಂಬ ಶಬ್ದ ಮಾತ್ರ ನನಗೆ ನುಂಗಲಾರದ ತುತ್ತು. ಅವರ ಮಾತ್ರೆಯಾದ ಆಸ್ಪಿರಿನ್ ಮಾಡುವುದೆಂದರೆ ಪ್ಲೇಟ್‌ಲೆಟ್ಟುಗಳು, ಅಂದರೆ ಕಿರುತಟ್ಟೆಗಳು, ಒಂದಕ್ಕೊಂದು ಅಂಟಿ ಮುದ್ದೆಗಟ್ಟುವುದನ್ನು ಕುಂದಿಸುವುದಷ್ಟೆ. ನೆತ್ತರಿನ ಸಾಂದ್ರತೆ ಇದ್ದಂತೆಯೇ ಇರುತ್ತದೆ. ನೆತ್ತರು ಸದಾ ಹೆಪ್ಪುಗಟ್ಟಹೊರಟಿರುವ ಜಡದ್ರವ್ಯ, ಅದನ್ನು ಹರಿಯಿಸುವ ಉಪಾಯವು ಹೊರಗಿನಿಂದಲೇ ಬರತಕ್ಕದ್ದು ಎಂಬ ಭ್ರಮೆಯು ಆ ಶಬ್ದದ ಬೆನ್ನಿಗೆ ಅಂಟಿಕೊಂಡಿದೆ.

ಒಂದು ಮೈಕ್ರೋಲೀಟರ್ ನೆತ್ತರಿನಲ್ಲಿ 1.5 ಲಕ್ಷದಿಂದ 4 ಲಕ್ಷದವರೆಗಿರುವ ಈ ಕಿರುತಟ್ಟೆಗಳನ್ನು ಸುಮ್ಮನಿರಿಸುವ ದ್ರವ್ಯಗಳು ನಮ್ಮೊಳಗೇ ಎಡೆಬಿಡದೆ ಹುಟ್ಟುತ್ತ ಅಳಿಯುತ್ತ ಇರುತ್ತವೆ. 1976ರಲ್ಲಿ ಜಾನ್ ವೇನ್ ಮತ್ತು ಸಂಗಡಿಗರು ಕಂಡುಹಿಡಿದ, ನಾಳಭಿತ್ತಿಯ ಒಳಪದರವು ಸ್ರವಿಸುವ ಪ್ರೋಸ್ಟಾಸೈಕ್ಲಿನ್ನಿನ ಆಯುಸ್ಸು ಕೆಲವೇ ನಿಮಿಷ. ಅದರ ಜೊತೆಗಾರ ನೈಟ್ರಿಕ್ ಆಕ್ಸೈಡಿನದು ಕೆಲವೇ ಕ್ಷಣ. ಎಲ್ಲಕ್ಕಿಂತ ಬೆರಗುಗೊಳಿಸುವುದು ಅಡೆನೊಸೀನಿನ ವೃತ್ತಾಂತ: ಕೆರಳಿದ ಕಿರುತಟ್ಟೆಯು ತನ್ನವರನ್ನು ಕೂಗಿ ಕರೆಯಲೆಂದು ಎ.ಡಿ.ಪಿ. ಎಂಬ ದ್ರವ್ಯವನ್ನು ಹೊರಚೆಲ್ಲಿದರೆ, ಭಿತ್ತಿಯಲ್ಲಿ ಕಾದಿರುವ ಕಿಣ್ವಗಳು ಅದರ ಫಾಸ್ಫೇಟಿನ ತುಣುಕುಗಳನ್ನು ಒಂದೊಂದಾಗಿ ಕತ್ತರಿಸಿ ಅಡೆನೊಸೀನಾಗಿ ಮಾರ್ಪಡಿಸುತ್ತವೆ. ಕೂಡಿರೆಂದ ಕರೆಯೇ ಚದರಿರೆಂಬ ಆಜ್ಞೆಯಾಗಿ ಹಿಂದಿರುಗುತ್ತದೆ.

ಒಳಗೆ ಎಡೆಬಿಡದೆ ನಡೆಯುವ ಇಂಥ ಕೆಲಸ ನಿಂತರೆ ಆಗುವುದೇನೆಂಬುದನ್ನು ಆ ಹಿರಿಯರಿಗಿಂತ ಚೆನ್ನಾಗಿ ಬಲ್ಲವರಾರು? 3 ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಅವರು ಕಾಲೂರಿ ನಿಂತು ದುಡಿದುದು ಹಗಲಿರುಳು ನೀರೆತ್ತುತ್ತಿದ್ದ ಪಂಪುಗಳ ದಯೆಯಿಂದ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ಬಳಿಕ ಪಂಪುಗಳೂ ನಿಂತಮೇಲೆ, ಶಾಫ್ಟುಗಳಲ್ಲಿ ನೀರು ಯಾರ ಅಪ್ಪಣೆಯನ್ನೂ ಕಾಯದೆ ಏರಿತು.

ನಾಳಭಿತ್ತಿಯೇ ರೋಗಗ್ರಸ್ತವಾಗಿ ಒಳಗಿನ ತಡೆ ಸೋತಲ್ಲಿ ಮದ್ದಲ್ಲದೆ ಗತಿಯೇನೆಂದು ವೈದ್ಯರು ಕೇಳಿಯಾರು. ನ್ಯಾಯವಾದ ಮಾತು, ಹೃದಯಾಘಾತದಿಂದ ಒಮ್ಮೆ ಪಾರಾದವರಿಗೆ 75 ಮಿಲಿಗ್ರಾಮಿನ ಆ ಪುಟ್ಟ ಮಾತ್ರೆ ಆಸರೆಯೇ ಸರಿ. ಆದರೆ ಅಷ್ಟು ಅಲ್ಪಪ್ರಮಾಣವೇಕೆ? ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು, ಕೋಶಕೇಂದ್ರವಿಲ್ಲದ ಕಿರುತಟ್ಟೆಯು ತನ್ನ 8-10 ದಿನಗಳ ಬಾಳಿನಲ್ಲಿ ಮತ್ತೆ ಕಟ್ಟಿಕೊಳ್ಳಲಾರದು. ಭಿತ್ತಿಯ ಕೋಶವಾದರೋ ಕಟ್ಟಿಕೊಂಡು ಪ್ರೋಸ್ಟಾಸೈಕ್ಲಿನ್ನನ್ನು ಮುಂದುವರಿಸುತ್ತದೆ. ಪ್ರಮಾಣ ಮಿತಿಮೀರಿದರೆ ಅದಕ್ಕೂ ಪೆಟ್ಟು. 'ತೆಳುವಾದಷ್ಟೂ ಒಳ್ಳೇದು' ಎಂಬುದಕ್ಕೆ, ಇದೇ ಮಾತ್ರೆಯಿಂದ ಜಠರದಲ್ಲಿ ನೆತ್ತರು ಒಸರಿದವರು ಉತ್ತರ ಹೇಳಲಿ. ಹಾಗೆಂದು, ಬೆಳ್ಳುಳ್ಳಿ ಜಗಿದು ವೈದ್ಯರ ಚೀಟಿಯನ್ನು ಹರಿದೊಗೆಯುವವರ ಪಕ್ಷ ನನ್ನದಲ್ಲ.