ಹಳೆಯ ಕೋವಿಗೆ ತಕ್ಕ ಹಿತ್ತಾಳೆ

ಕೈಗೆಲಸದಲ್ಲಿ ಅಭಿರುಚಿಯುಳ್ಳ ವಾಚಕರಿಗೆ ಈ ತಿಂಗಳು ದೂರದೇಶದ ಒಂದು ಕುಶಲವಿದ್ಯೆಯನ್ನು ಪರಿಚಯಮಾಡಿಕೊಡಲು ಬಯಸುತ್ತೇವೆ. ಅಮೆರಿಕಾ ಸಂಯುಕ್ತಸಂಸ್ಥಾನದಲ್ಲಿ ಪೂರ್ವಕಾಲದ ಉದ್ದನಳಿಗೆಯ ಕೋವಿಯನ್ನು ಇಂದಿಗೂ ಕೈಯಿಂದಲೇ ಕಟ್ಟುವ ಹವ್ಯಾಸಿಗಳು ಅನೇಕರಿದ್ದಾರೆ. ಮರವನ್ನು ಕೆತ್ತುವುದಕ್ಕಿಂತಲೂ ಅದಕ್ಕೆ ತಕ್ಕ ಲೋಹದ ಭಾಗಗಳನ್ನು ಆರಿಸುವುದರಲ್ಲಿಯೇ ಅವರು ಹೆಚ್ಚಾಗಿ ಎಡವುವುದುಂಟು.

ಈ ಕೋವಿಗೆ ಕೆಂಟಕಿಯ ಹೆಸರು ಬಂದಿದ್ದರೂ ಇದು ರೂಪುಗೊಂಡುದು ಮುಖ್ಯವಾಗಿ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ ನೆಲಸಿದ ಜರ್ಮನ್ ಭಾಷೆಯ ಕಸಬುದಾರರು 18ನೆಯ ಶತಮಾನದಲ್ಲಿ ತಮ್ಮ ನಾಡಿನ ಗಿಡ್ಡ ಬೇಟೆಕೋವಿಯ ನಳಿಗೆಯನ್ನು ನೀಳಮಾಡಿ, ಮೇಪಲ್ ಮರದಲ್ಲಿ ಕೂಡಿಸಿದರು. ನಳಿಗೆಯು ಎಷ್ಟೋ ವೇಳೆ 42 ಅಂಗುಲಕ್ಕೂ ಮೀರಿರುವುದು; ಅದರೊಳಗೆ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ತಿರುಗಿಸಿ ನೇರವಾಗಿ ಕಳುಹಿಸುವುವು.

ಕಟ್ಟುವವನು ಮೊದಲು ಗೊತ್ತುಮಾಡಿಕೊಳ್ಳತಕ್ಕುದು ಎರಡೇ ಸಂಗತಿ: ಯಾವ ಕಾಲದ ಕೋವಿ, ಯಾವ ಸೀಮೆಯ ಕೋವಿ? ಉಳಿದುದೆಲ್ಲವೂ ಇದನ್ನೇ ಅನುಸರಿಸಬೇಕು. ಭುಜಕ್ಕೊತ್ತುವ ಹಿಂಬದಿಯ ತಗಡು ಆದಿಯಲ್ಲಿ ಅಗಲವಾಗಿಯೂ ಹೆಚ್ಚುಕಡಿಮೆ ಚಪ್ಪಟೆಯಾಗಿಯೂ ಇದ್ದಿತು. ಕಾಲಕ್ರಮದಲ್ಲಿ ಕಿರಿದಾಗಿ ಬಾಲಚಂದ್ರನಂತೆ ಬಾಗಿತು. ಗುಂಡಿಗೆ ಸುತ್ತುವ ಬಟ್ಟೆಯ ಚೂರುಗಳನ್ನಿಡುವ ಪೆಟ್ಟಿಗೆಗೆ ಮೊದಲು ಸರಿಯುವ ಮರದ ಮುಚ್ಚಳವಿದ್ದಿತು. ಹಿತ್ತಾಳೆಯ ಕೀಲುಮುಚ್ಚಳವು ಅನಂತರ ರೂಢಿಗೆ ಬಂದಿತು. ಲ್ಯಾಂಕಾಸ್ಟರಿನ ಕುಶಲಿಗಳು ಇದರ ತುದಿಯಲ್ಲಿ ಡೇಸಿ ಹೂವನ್ನು ಬಿಡಿಸುತ್ತಿದ್ದರು. ದಕ್ಷಿಣದ ಬೆಟ್ಟಸೀಮೆಯ ಅನೇಕ ಕೋವಿಗಳಿಗಾದರೋ ಕಬ್ಬಿಣದ ಸರಳವಾದ ಭಾಗಗಳೇ ಸಲ್ಲುವುವು. ಒಂದರ ತಗಡನ್ನು ಮತ್ತೊಂದರ ಪೆಟ್ಟಿಗೆಯೊಡನೆ ಬೆರಸಿದರೆ, ಅಂತಹ ಕೋವಿಯು ಎಲ್ಲಿಯೂ ಎಂದೂ ಹುಟ್ಟಿದುದಲ್ಲವೆಂದು ಬಲ್ಲವರು ಕೂಡಲೇ ಗುರುತಿಸುವರು.

ಕಿಡಿ ಹಾರಿಸುವ ಯಂತ್ರದಲ್ಲಿಯೂ ಎಚ್ಚರ ಬೇಕು. 1775ರ ಮಾದರಿಗೆ ಚಕಮಕಿ ಕಲ್ಲಿನ ಯಂತ್ರವೇ ತಕ್ಕುದು. ಸಿಡಿಮದ್ದಿನ ತೊಪ್ಪಿಯ ಯಂತ್ರವು 19ನೆಯ ಶತಮಾನದ್ದು. ಜರ್ಮನ್ ಸಿಲ್ವರ್ ಎಂಬ ಬೆರಕೆ ಲೋಹವೂ ಆ ಶತಮಾನದಲ್ಲಿಯೇ ಬಳಕೆಗೆ ಬಂದಿತು. ತಲೆಯಲ್ಲಿ ಅಡ್ಡಗೀರು ಉದ್ದಗೀರು ಎರಡೂ ಇರುವ ತಿರುಪುಮೊಳೆಯಾದರೋ 1930ರ ದಶಕದ್ದು. ಅಂತಹುದೊಂದೇ ಮೊಳೆ ಎಷ್ಟೋ ತಿಂಗಳ ದುಡಿಮೆಯನ್ನು ಹಾಳುಮಾಡಬಲ್ಲುದು.

ಹಾಗಾದರೆ ಹಳೆಯ ಕೋವಿಯೊಂದನ್ನು ನೋಡಿ ಹಾಗೆಯೇ ಮಾಡಿದರೆ ಸಾಲದೆ? ಸಾಲದು. ಹಿಂದಿನವರು ಚಕಮಕಿಯ ಎಷ್ಟೋ ಕೋವಿಗಳನ್ನು ತೊಪ್ಪಿಯ ಯಂತ್ರಕ್ಕೆ ಬದಲಿಸಿದರು. ಸಂಗ್ರಾಹಕರು ಅವುಗಳಲ್ಲಿ ಕೆಲವನ್ನು ಮತ್ತೆ ಚಕಮಕಿಗೆ ತಿರುಗಿಸಿದರು. ಆದುದರಿಂದ ಕಣ್ಣಿಗೆ ಕಾಣುವ ಭಾಗವೆಲ್ಲವೂ ಮೂಲದ್ದೆಂದು ನಂಬಲಾಗದು. ಒಂದೇ ಸೀಮೆಯ ಹಲವು ಕೋವಿಗಳನ್ನು ಹೋಲಿಸಿನೋಡಿ, ಅವೆಲ್ಲಕ್ಕೂ ಸಮಾನವಾದುದನ್ನು ಹಿಡಿಯುವುದು ಜಾಣತನ. ಜೋ ಕಿಂಡಿಗರು 1960ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇಂತಹ ಹೋಲಿಕೆಗೆ ಬೇಕಾದ ಚಿತ್ರಗಳು ಬಹಳವಾಗಿವೆ.

ಇಷ್ಟೊಂದು ನಿಷ್ಠೆಯಿಂದ ಮಾಡಿದ ವಸ್ತುವಿಗೆ ಒಂದು ಅಪಾಯವೂ ಉಂಟು. ಕೆಲಸವು ಉತ್ತಮವಾದಷ್ಟೂ, ಮುಂದೊಂದು ದಿನ ಅದನ್ನು ಪುರಾತನವೆಂದು ಹೇಳಿ ಯಾರಾದರೂ ಮಾರುವ ಸಂಭವವು ಹೆಚ್ಚು. ಅಂದು ಮೋಸಹೋಗುವವನು ಯಾವನೋ ಅಮಾಯಕ ಗೃಹಸ್ಥ. ಆದಕಾರಣ ನಳಿಗೆಯನ್ನು ಮರದಲ್ಲಿ ಕೂಡಿಸುವ ಮುನ್ನ, ಅದರ ಕೆಳಮೈಯಲ್ಲಿ ತನ್ನ ಹೆಸರನ್ನೂ ವರ್ಷವನ್ನೂ ಆಳವಾಗಿ ಕೊರೆಯುವುದು ಕಟ್ಟುವವನ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಹೊರಗಿನ ಅಂದಕ್ಕೆ ಅದರಿಂದ ಕುಂದಿಲ್ಲ. ಬಿಚ್ಚಿನೋಡಿದವನಿಗೆ ನಿಜವು ತಿಳಿಯುವುದು.