ಬೆಳಗಿನ ಪಾಠ, ಸಂಜೆಯ ತಾಲೀಮು

ಕಂಪನಿ ನಾಟಕಗಳ ಬಗ್ಗೆ ಸಾಹಿತ್ಯದ ತರಗತಿಗಳಲ್ಲಿ ಈಗಲೂ ಕೇಳಿಬರುವ ದೂರೊಂದಿದೆ: ಗಂಭೀರವಾದ ಕಥೆ ನಡೆಯುತ್ತಿರುವಾಗ ಅದಕ್ಕೆ ಸಂಬಂಧವೇ ಇಲ್ಲದ ಹಾಸ್ಯದ ದೃಶ್ಯ ನಡುವೆ ನುಗ್ಗಿಬಿಡುತ್ತದೆ ಎಂದು. ಪುಸ್ತಕವನ್ನಷ್ಟೇ ಕೈಯಲ್ಲಿ ಹಿಡಿದವರಿಗೆ ಹಾಗನ್ನಿಸುವುದು ಸಹಜ. ರಂಗದ ಮೇಲೆ ನಿಂತು ನೋಡಿದರೆ ಇನ್ನೊಂದು ಕಾರಣ ಕಣ್ಣಿಗೆ ಬೀಳುತ್ತದೆ. ದರ್ಬಾರು ಮುಗಿದು ಕಾಡು ಬರಬೇಕು. ಸಿಂಹಾಸನ, ಕಂಬಗಳನ್ನು ಎತ್ತಿ ಮರಗಳನ್ನು ನಿಲ್ಲಿಸಲು ಒಳಗಿನವರಿಗೆ ಹೊತ್ತು ಬೇಕು. ಅಷ್ಟರಲ್ಲಿ ಜನ ಎದ್ದು ಹೋಗಬಾರದು. ಆಗ ಬೀದಿಯ ಪರದೆ ಮುಂದಕ್ಕೆ ಇಳಿಯುತ್ತದೆ. ಪರದೆಗೂ ರಂಗದ ಅಂಚಿಗೂ ನಡುವೆ ಉಳಿಯುವ ಕಿರಿದಾದ ಜಾಗದಲ್ಲಿ ಹಾಸ್ಯದ ಪಾತ್ರಗಳು ಬಂದು ನಿಲ್ಲುತ್ತವೆ. ಹಿಂದಿನ ಸುತ್ತಿಗೆ ಸದ್ದನ್ನು ಮುಚ್ಚುವಷ್ಟು ಜೋರಾಗಿ ಅವರು ಮಾತಾಡಬೇಕು. ಸೀನು ಇನ್ನೂ ಸಿದ್ಧವಾಗಿಲ್ಲವೆಂದರೆ ಮಾತು ಎಳೆಯಬೇಕು, ಸೈಡ್ ವಿಂಗಿನಿಂದ ಸನ್ನೆ ಬಂತೆಂದರೆ ಹಾಡಿ ಮುಗಿಸಬೇಕು. ಹಿಂದೆ ಸರಿಯಲು ಜಾಗವಿಲ್ಲ, ಪಕ್ಕಕ್ಕೆ ತಿರುಗಿ ನಿಂತರೆ ಮಾತು ಕೇಳುವುದಿಲ್ಲ. ಪ್ರೇಕ್ಷಕರಿಗೆ ನೇರವಾಗಿ ಮುಖ ಕೊಟ್ಟು ಆಡುವ ಶೈಲಿ, ನಿಂತಲ್ಲೇ ಮಾತು ಹೆಣೆಯುವ ಜಾಣ್ಮೆ, ಟೈಮಿಂಗ್ ಇವೆಲ್ಲ ಆ ಇಕ್ಕಟ್ಟಿನಲ್ಲಿ ಹದಗೊಂಡವು. ನಾಟಕಕಾರ ಬರೆಯುವಾಗಲೇ ಪರದೆಯ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು.

ಇದು ಚರಿತ್ರೆಯ ಪಾಠವೋ, ಅಭಿನಯದ ಪಾಠವೋ, ನಿರ್ದೇಶನದ ಪಾಠವೋ? ಮೂರೂ ಹೌದು. ರಂಗಶಿಕ್ಷಣಕ್ಕೆ ಮೀಸಲಾದ ಈ ಸಂಚಿಕೆಯಲ್ಲಿ ನಾವು ಎತ್ತಬೇಕೆಂದಿರುವ ವಿಷಯವೂ ಅದೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಾಟಕ ಓದುವ ಹುಡುಗ ಹುಡುಗಿಯರಿಗೆ ಬೆಳಿಗ್ಗೆ ಥಿಯರಿ, ಸಂಜೆ ತಾಲೀಮು. ಬೆಳಗಿನ ನೋಟ್ಸಿನಲ್ಲಿ ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿತೆಂಬ ಸಾಲು ಇರುತ್ತದೆ. ಸಂಜೆ ಕಲಿಯುವ ನಡೆಗೂ ದನಿಗೂ ಆ ಸಾಲಿಗೂ ನಂಟು ಬೆಳೆಯುವುದೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಚರಿತ್ರೆ ಮರೆತುಹೋಗುತ್ತದೆ. ಇತ್ತ ಕನ್ನಡ ವಿಭಾಗದಲ್ಲಿ ಸಂಸರ, ಶ್ರೀರಂಗರ ನಾಟಕಗಳ ಪಾತ್ರಚಿತ್ರಣ ಬರೆಯುವ ವಿದ್ಯಾರ್ಥಿ ಆ ಮಾತುಗಳನ್ನು ಗಟ್ಟಿಯಾಗಿ ಒಮ್ಮೆ ಆಡಿಯೂ ನೋಡದೆ ಪದವಿ ಪಡೆಯುತ್ತಾನೆ. ಇಬ್ಬರಿಗೂ ಅನ್ಯಾಯವಾಗುತ್ತಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ರಂಗಭೂಮಿಯ ಅಧ್ಯಯನ ವಿಶ್ವವಿದ್ಯಾಲಯದೊಳಗೆ ಕಾಲಿಟ್ಟದ್ದು ಹೀಗಲ್ಲ. ಬರ್ಲಿನ್ನಿನಲ್ಲಿ 1923ರಲ್ಲಿ ರಂಗ ಅಧ್ಯಯನ ಸಂಸ್ಥೆ ಕಟ್ಟಿದ ಮ್ಯಾಕ್ಸ್ ಹೆರ್ಮನ್ ಮೂಲತಃ ಸಾಹಿತ್ಯದ ವಿದ್ವಾಂಸ. ನಾಟಕದ ಪಠ್ಯ ಬೇರೆ, ಪ್ರಯೋಗ ಬೇರೆ. ರಂಗಚರಿತ್ರೆ ಎಂದರೆ ಪ್ರಯೋಗದ ಚರಿತ್ರೆ ಎಂದು ಅವರು ವಾದಿಸಿದರು. 1914ರ ತಮ್ಮ ದೊಡ್ಡ ಗ್ರಂಥದಲ್ಲಿ, ಹದಿನಾರನೇ ಶತಮಾನದ ಚಮ್ಮಾರ ಕವಿ ಹಾನ್ಸ್ ಸಾಕ್ಸ್‌ನ ನಾಟಕಗಳು ನ್ಯೂರೆಂಬರ್ಗಿನ ಮಾರ್ಥಾ ಚರ್ಚಿನೊಳಗೆ ಹೇಗೆ ನಡೆದಿರಬಹುದೆಂದು ಕಟ್ಟಡದ ಅಳತೆ, ರಂಗಸೂಚನೆಗಳನ್ನು ಹಿಡಿದು ಕಟ್ಟಿ ತೋರಿಸಿದರು. ಲೆಕ್ಕ ಸರಿಯಿಲ್ಲವೆಂದು ಬೇರೆ ವಿದ್ವಾಂಸರು ವಾದಕ್ಕಿಳಿದರು. ಆ ಜಗಳ ನಡೆದದ್ದೂ ರಂಗ ಎಲ್ಲಿತ್ತು, ನಟ ಎತ್ತ ಕಡೆಯಿಂದ ಬಂದ ಎಂಬುದರ ಮೇಲೆಯೇ. ಯಹೂದಿಯಾಗಿದ್ದ ಹೆರ್ಮನ್ನರನ್ನು ನಾಜಿಗಳು 1933ರಲ್ಲಿ ಹುದ್ದೆಯಿಂದ ತೆಗೆದರು. 1942ರಲ್ಲಿ ಅವರು ಟೆರೇಜಿನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು. ಇಂದು ಪ್ರಪಂಚದ ಯಾವ ವಿಶ್ವವಿದ್ಯಾಲಯದಲ್ಲಿ ರಂಗ ಅಧ್ಯಯನ ನಡೆದರೂ ಅದರಲ್ಲಿ ಅವರ ಋಣವಿದೆ.

ಅಳತೆಯ ಈ ವಿದ್ಯೆ ನಮಗೇನೂ ಹೊಸದಲ್ಲ. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಪೂರ್ತಿ ನಾಟ್ಯಮಂಟಪದ್ದೇ. ಮನುಷ್ಯರಿಗೆ ತಕ್ಕದ್ದೆಂದು ಭರತ ಹೇಳುವುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪ. ಇಂದಿನ ಲೆಕ್ಕದಲ್ಲಿ ಸುಮಾರು 96 ಅಡಿಗೆ 48 ಅಡಿ. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಮುಖದ ಭಾವ ಕಾಣುವುದಿಲ್ಲ ಎಂಬ ಕಾರಣವನ್ನೂ ಕೊಡುತ್ತಾನೆ. ಈ ಅಧ್ಯಾಯವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವ ಬದಲು ಕ್ಯಾಂಪಸ್ಸಿನ ಮೈದಾನಕ್ಕೆ ಹಗ್ಗ, ಸುಣ್ಣ ತೆಗೆದುಕೊಂಡು ಹೋಗಬೇಕು. 96 ಅಡಿ ಅಳೆದು, ಅರ್ಧ ಪ್ರೇಕ್ಷಕರಿಗೆ, ಉಳಿದರ್ಧದಲ್ಲಿ ರಂಗ ಮತ್ತು ನೇಪಥ್ಯ ಎಂದು ಗೆರೆ ಎಳೆದು, ಮೈಕಿಲ್ಲದೆ ಒಂದು ಮಾತು ಆಡಿಸಬೇಕು. ಕೊನೆಯ ಸಾಲಿನಲ್ಲಿ ಕೂತ ಸಹಪಾಠಿಗೆ ಹುಬ್ಬು ಕಂಡಿತೇ, ಕೇಳಬೇಕು. ಮರುದಿನ ಅದೇ ಮಾತನ್ನು ಯಕ್ಷಗಾನದ ಚೌಕದಲ್ಲಿ, ಚೆಂಡೆಯ ಮುಂದೆ. ಅದರ ಮರುದಿನ ಬೀದಿ ಪರದೆಯ ಮುಂದಿನ ಇಕ್ಕಟ್ಟಿನಲ್ಲಿ. ವಾರ ಕಳೆಯುವುದರೊಳಗೆ ಆ ವಿದ್ಯಾರ್ಥಿಯ ಮೈಗೆ ತಿಳಿಯುವ ಚರಿತ್ರೆ ಯಾವ ಗೈಡಿನಲ್ಲೂ ಸಿಗದು. ನಿರ್ದೇಶನ ಕಲಿಯುವವರಿಗಂತೂ ಬ್ಲಾಕಿಂಗ್ ಎಂಬುದು ಜಾಗದ ಜೊತೆಗಿನ ಮಾತುಕತೆ ಎಂದು ಆಗ ತಾನಾಗಿ ಅರ್ಥವಾಗುತ್ತದೆ.

ಓದೂ ತಾಲೀಮೂ ಹೀಗೆ ಕೂಡಿದ ಉದಾಹರಣೆ ನಮ್ಮಲ್ಲೇ ಇದೆ. ರಂಗನಿರ್ದೇಶಕ ಬಿ.ವಿ. ಕಾರಂತರು ಕಲಿತದ್ದು ಮೂರು ಕಡೆ. ಹುಡುಗನಾಗಿದ್ದಾಗ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದರು. ಕಂಪನಿಯ ಮಾಲೀಕ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಮಾಡಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅವರ ಪ್ರಯೋಗಗಳ ಸಂಗೀತ ಕೇಳಿದವರಿಗೆ ಕಂಪನಿ, ಕಾಶಿ, ದೆಹಲಿ ಮೂರೂ ಒಂದೇ ಮಟ್ಟಿನೊಳಗೆ ಕೂಡಿಕೊಂಡದ್ದು ಗೊತ್ತಾಗುತ್ತಿತ್ತು. ಕಂಪನಿಯ ಮಾಲೀಕರೊಬ್ಬರಿಗೆ ತಮ್ಮ ಹುಡುಗ ವಿಶ್ವವಿದ್ಯಾಲಯಕ್ಕೆ ಹೋಗಬೇಕು ಅನ್ನಿಸಿತಲ್ಲ, ಆ ದೊಡ್ಡತನವನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. 1980ರಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭಿಸಿದಾಗ ಓದು, ತಾಲೀಮು, ಬಡಗಿ ಕೆಲಸ ಎಲ್ಲವೂ ಒಂದೇ ಸೂರಿನ ಕೆಳಗೆ ಬಂದವು. ವಿಶ್ವವಿದ್ಯಾಲಯಗಳು ಹಳ್ಳಿಯ ಆ ಶಾಲೆಯಿಂದ ಕಲಿಯಬೇಕಾದದ್ದು ಇನ್ನೂ ಬಹಳವಿದೆ.

ಆದರೆ ಕಲಿಸುವವರು ಯಾರು? ಕಾಲು ಹಾರ್ಮೋನಿಯಂ ನುಡಿಸುತ್ತ ಇಡೀ ನಾಟಕವನ್ನು ನಡೆಸಿದ ಮೇಷ್ಟ್ರ ಬಳಿ ಪಿಎಚ್.ಡಿ. ಇಲ್ಲ, ನೆಟ್ ಇಲ್ಲ. ಪರದೆ ಬರೆಯುವ ಕಲಾವಿದರ ಬಳಿಯೂ ಇಲ್ಲ. ಅವರನ್ನು ಒಂದು ದಿನದ ವಿಶೇಷ ಉಪನ್ಯಾಸಕ್ಕೆ ಕರೆದು, ಶಾಲು ಹೊದಿಸಿ ಕಳಿಸುವುದು ವಾಡಿಕೆಯಾಗಿಬಿಟ್ಟಿದೆ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ದುಡಿದು ಪರಿಣತರಾದವರನ್ನು ಪದವಿಯ ಷರತ್ತಿಲ್ಲದೆ ನೇಮಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಅಂಥ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ. 10ರಷ್ಟನ್ನು ಮೀರುವಂತಿಲ್ಲ, ಅಷ್ಟೆ. ರಂಗ ವಿಭಾಗಗಳಿಗೆ ಇಷ್ಟು ಸಾಕು. ಕಂಪನಿಯ ಹಿರಿಯ ನಟಿಯೊಬ್ಬರನ್ನೋ, ಯಕ್ಷಗಾನದ ಭಾಗವತರೊಬ್ಬರನ್ನೋ ಈ ಹುದ್ದೆಗೆ ಕರೆಯಬೇಕೆಂದು ನಮ್ಮ ಕುಲಪತಿಗಳನ್ನು ಕೇಳಿಕೊಳ್ಳುತ್ತೇವೆ. ಆ ತಲೆಮಾರಿನವರಿಗೆ ವಯಸ್ಸಾಗಿದೆ. ಬರುವ ಶೈಕ್ಷಣಿಕ ವರ್ಷದಿಂದಲೇ ಕರೆಯಲಿ.