ಕಾಂಕ್ರೀಟ್ ಪಂಪಿನ ಮಾರಾಟ ಮತ್ತು ಕೈಲಾಂಚದ ಲೆಕ್ಕ

ಕಾಂಕ್ರೀಟನ್ನು ಕಲಸುವ, ಕಲಸಿದ್ದನ್ನು ಕೊಳವೆಯ ಮೂಲಕ ಮಹಡಿಗೆ ಏರಿಸುವ ಯಂತ್ರಗಳ ವ್ಯಾಪಾರವು ಟ್ರ್ಯಾಕ್ಟರ್ ಅಥವಾ ಜೆಸಿಬಿ ವ್ಯಾಪಾರದಷ್ಟು ಜನರ ಕಣ್ಣಿಗೆ ಬೀಳುವಂಥದ್ದಲ್ಲ. ಆದರೂ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿರುವುದರಿಂದ, ಬಿಡದಿ ಮತ್ತು ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳು ಹಿಗ್ಗುತ್ತಿರುವುದರಿಂದ, ಕನಕಪುರ, ರಾಮನಗರ, ಮಾಗಡಿಗಳನ್ನು ಬೆಸೆಯುವ ಉಪನಗರ ವರ್ತುಲ ರಸ್ತೆಯ ಯೋಜನೆ ಕೈಗೆತ್ತಿಕೊಂಡಿರುವುದರಿಂದ, ಈ ಸೀಮೆಯನ್ನು ತಮ್ಮ ಮುಂದಿನ ಮಾರುಕಟ್ಟೆಯೆಂದು ಯಂತ್ರ ಪೂರೈಕೆದಾರರು ಗುರುತು ಹಾಕಿಕೊಂಡಿದ್ದರೆ ಅಚ್ಚರಿಯಿಲ್ಲ. ವಿಚಾರ ಮಾಡಬೇಕಾದದ್ದು ಅವರ ಮಾರ್ಕೆಟಿಂಗ್ ವಿಭಾಗದವರು ಹೊತ್ತು ತರುವ ವಾದದ ಬಗ್ಗೆ. ಗಂಟೆಗೆ ಇಷ್ಟು ಘನ ಮೀಟರ್, ಇಷ್ಟು ಅಡಿ ಎತ್ತರ, ಇಷ್ಟು ಅಶ್ವಶಕ್ತಿ ಎಂಬ ಆ ವಾದ ಬಿಡದಿಯ ಕಾರ್ಖಾನೆಯ ಅಡಿಪಾಯಕ್ಕೆ ಸರಿಹೊಂದಬಹುದಾದರೂ, ಅದೇ ರಾಮನಗರ ತಾಲ್ಲೂಕಿನ ಇನ್ನೊಂದು ಹೋಬಳಿಯಾದ ಕೈಲಾಂಚಕ್ಕೆ ಬಂದಾಗ ಬಹುಪಾಲು ಪೊಳ್ಳಾಗುತ್ತದೆ.

ಕೈಲಾಂಚವು ರೇವಣಸಿದ್ಧೇಶ್ವರ ಬೆಟ್ಟದ ಆಸುಪಾಸಿನ ರೇಷ್ಮೆ, ಮಾವು, ತೆಂಗಿನ ಸೀಮೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಜಿಲ್ಲೆಯೊಳಗಿದ್ದರೂ ಇಲ್ಲಿನ ಕಟ್ಟಡ ಕೆಲಸದ ಸ್ವರೂಪ ಬೆಂಗಳೂರಿನದಲ್ಲ. ಒಂದು ಊರಿನಲ್ಲಿ ಒಂದು ಮನೆ, ಮತ್ತೊಂದು ಊರಿನಲ್ಲಿ ದೇವಸ್ಥಾನದ ಮಂಟಪ, ಮಗದೊಂದು ಕಡೆ ಪಂಚಾಯಿತಿಯ ಸಿಮೆಂಟ್ ರಸ್ತೆ ಅಥವಾ ಚರಂಡಿ, ಹೀಗೆ ಕೆಲಸ ಚದುರಿಕೊಂಡಿದೆ. ಆಷಾಢದಲ್ಲಿ ಹೊಸ ಮನೆಯ ಕೆಲಸಕ್ಕೆ ಕೈಹಾಕುವವರು ಕಡಿಮೆ. ಸರ್ಕಾರಿ ಕಾಮಗಾರಿಗಳು ಮಾರ್ಚ್ ಬಿಲ್ಲಿನ ಗಡುವಿಗೆ ಒಟ್ಟೊಟ್ಟಿಗೆ ನುಗ್ಗುತ್ತವೆ. ವರ್ಷವಿಡೀ ಒಂದೇ ಸಮನೆ ದುಡಿದರೆ ಮಾತ್ರ ಕಂತು ತೀರುವ ದುಬಾರಿ ಯಂತ್ರಕ್ಕೆ ಇಂಥ ಏರಿಳಿತ ಒಗ್ಗುವುದಿಲ್ಲ.

ಒಂದು ಮನೆಯ ಮೋಲ್ಡ್ ದಿನವನ್ನು, ಅಂದರೆ ಛಾವಣಿಗೆ ಕಾಂಕ್ರೀಟ್ ಹಾಕುವ ದಿನವನ್ನು ಲೆಕ್ಕಕ್ಕೆ ಹಿಡಿದರೆ ಇದು ಸ್ಪಷ್ಟವಾಗುತ್ತದೆ. ಸಾವಿರ ಚದರಡಿಯ ಮನೆಗೆ ಐದು ಅಂಗುಲ ದಪ್ಪದ ಛಾವಣಿ ಹಾಕಲು ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕು. ತೊಲೆಗಳನ್ನೂ ಸೇರಿಸಿದರೆ 14ರ ಆಸುಪಾಸು. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ರೂಢಿಯ ಮಿಶ್ರಣದಲ್ಲಿ ಘನ ಮೀಟರಿಗೆ ಎಂಟು ಚೀಲ ಸಿಮೆಂಟ್ ಹಿಡಿಯುವುದರಿಂದ ಒಟ್ಟು ನೂರಹತ್ತು ಚೀಲ ಬೇಕಾಗುತ್ತದೆ. ಹಳ್ಳಿಯ ಮೇಸ್ತ್ರಿಗಳು ಮಿಲ್ಲರ್ ಎಂದು ಕರೆಯುವ ಸಣ್ಣ ಕಲಸುವ ಯಂತ್ರ ಒಂದು ಸುತ್ತಿಗೆ ಒಂದು ಚೀಲದ ಮಾಲು ಕಲಸುತ್ತದೆ. ಸುತ್ತಿಗೆ ಮೂರು ನಾಲ್ಕು ನಿಮಿಷದಂತೆ, ಜೊತೆಗೆ ಲಿಫ್ಟ್ ಇದ್ದು ಹದಿನೈದು ಇಪ್ಪತ್ತು ಆಳು ಬಾಂಡ್ಲಿ ಹಿಡಿದು ನಿಂತರೆ, ಬೆಳಿಗ್ಗೆ ಏಳಕ್ಕೆ ಶುರುವಾದ ಕೆಲಸ ಮಧ್ಯಾಹ್ನ ದಾಟುವ ಹೊತ್ತಿಗೆ ಮುಗಿದು, ಮನೆಯವರು ಇಟ್ಟ ಊಟಕ್ಕೆ ಎಲ್ಲರೂ ಕೂರಬಹುದು.

ಗಂಟೆಗೆ 30 ಘನ ಮೀಟರ್ ಸಾಮರ್ಥ್ಯವೆಂದು ಕರಪತ್ರದಲ್ಲಿ ಅಚ್ಚಾದ ಪಂಪು ಇದೇ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಬೇಕು. ವಾಸ್ತವದಲ್ಲಿ ಮುಗಿಸುವುದಿಲ್ಲ, ಅದಕ್ಕೆ ಯಂತ್ರದ ದೋಷವೂ ಕಾರಣವಲ್ಲ. ಕಾರ್ಖಾನೆಯಲ್ಲೇ ಅಳತೆಗೆ ತಕ್ಕಂತೆ ಕಲಸಿ ತರುವ ಸಿದ್ಧ ಕಾಂಕ್ರೀಟ್, ಅಂದರೆ ಆರ್‌ಎಂಸಿ, ತಿರುಗುವ ಡ್ರಮ್ಮಿನ ಟ್ರಾನ್ಸಿಟ್ ಮಿಕ್ಸರ್ ಲಾರಿಯಲ್ಲಿ ಬರಬೇಕು. ಸಾಮಾನ್ಯ ಲಾರಿಗೆ 6 ಘನ ಮೀಟರ್ ಎಂದರೆ ಮೂರು ಲಾರಿ. ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುವುದರಿಂದ ಲಾರಿಯ ಸ್ವಂತ ತೂಕವಲ್ಲದೆ ಮಾಲಿನದೇ 14 ಟನ್ ದಾಟುತ್ತದೆ. ತೋಟಗಳ ನಡುವಿನ ಕಿರುರಸ್ತೆ, ಅದರ ಮೇಲಿನ ಮೋರಿ ಅಷ್ಟನ್ನು ತಡೆಯಬೇಕು. ಸಿದ್ಧ ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 4926ರ ಪ್ರಕಾರ, ವಿಶೇಷ ರಾಸಾಯನಿಕ ಬಳಸದ ಹೊರತು, ಕಲಸಿದ ಎರಡು ಗಂಟೆಯೊಳಗೆ ಮಾಲನ್ನು ಇಳಿಸಿ ಮುಗಿಸಬೇಕು. ಇನ್ನು ಪಂಪಿನಿಂದ ಛಾವಣಿಯವರೆಗೆ 125 ಮಿಲಿಮೀಟರ್ ವ್ಯಾಸದ ಕೊಳವೆಯನ್ನು 60 ಮೀಟರ್ ಎಳೆದರೆ ಆ ಕೊಳವೆಯ ಹೊಟ್ಟೆಯಲ್ಲೇ ಮುಕ್ಕಾಲು ಘನ ಮೀಟರ್ ಕಾಂಕ್ರೀಟ್ ನಿಲ್ಲುತ್ತದೆ. ದೊಡ್ಡ ಕಟ್ಟಡದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಈ ಪ್ರಮಾಣ 14 ಘನ ಮೀಟರಿನ ಮನೆಯಲ್ಲಿ ನೂರಕ್ಕೆ ಐದು ಪಾಲು. ಅದನ್ನು ತಳ್ಳಿ ತೆಗೆದು ಬಳಸಿಕೊಳ್ಳಲು ಬಾರದಿದ್ದರೆ ಮಣ್ಣುಪಾಲು. ಕೊಳವೆ ಜೋಡಿಸುವುದು, ಮೊದಲಿಗೆ ಸಿಮೆಂಟ್ ಹಾಲು ಬಿಡುವುದು, ಕೊನೆಗೆ ತೊಳೆಯುವುದು, ಇವೆಲ್ಲ ಸೇರಿದಾಗ ಅರ್ಧ ಗಂಟೆಯ ಪಂಪಿಂಗಿಗೆ ಅರ್ಧ ದಿನದ ಸಿದ್ಧತೆ ಬೇಕಾಗುತ್ತದೆ. ಮಿಲ್ಲರ್ ಮತ್ತು ಲಿಫ್ಟ್ ಇನ್ನೂ ಹಳ್ಳಿಯನ್ನು ಬಿಟ್ಟು ಹೋಗಿಲ್ಲವೆಂದರೆ ಅದಕ್ಕೆ ಮೇಸ್ತ್ರಿಯ ಹಿಂದುಳಿದಿರುವಿಕೆಯನ್ನು ದೂರುವ ಮಾರಾಟ ಪ್ರತಿನಿಧಿ ಈ ಲೆಕ್ಕವನ್ನೊಮ್ಮೆ ಬರೆದು ನೋಡಬೇಕು.

ಸಾಮರ್ಥ್ಯದ ಮಾತಿನಲ್ಲಿ ಮರೆಯಾಗುವ ಇನ್ನೊಂದು ಸಂಗತಿ ಮಾಲಿನದು. ಕಾಂಕ್ರೀಟ್ ಪಂಪಿನೊಳಗೆ ಎರಡು ಸಿಲಿಂಡರುಗಳಿರುತ್ತವೆ. ಒಂದು ಸಿಲಿಂಡರು ಹಾಪರಿನಿಂದ, ಅಂದರೆ ಮಾಲು ಸುರಿಯುವ ತೊಟ್ಟಿಯಿಂದ, ಮಾಲನ್ನು ಎಳೆದುಕೊಳ್ಳುವಾಗ ಇನ್ನೊಂದು ಕೊಳವೆಗೆ ತಳ್ಳುತ್ತದೆ, ಎಸ್ ಅಕ್ಷರದ ಆಕಾರದ ಕವಾಟ ಇವೆರಡರ ನಡುವೆ ಅತ್ತಿಂದಿತ್ತ ಹೊರಳುತ್ತದೆ. ಕೊಳವೆಯ ಒಳಗೋಡೆಗೆ ಸಿಮೆಂಟ್ ಮತ್ತು ನುಣುಪು ಮರಳಿನ ತೆಳು ಗಾರೆಯ ಪದರ ಅಂಟಿಕೊಂಡಾಗ ಮಾತ್ರ ನಡುವಿನ ಜಲ್ಲಿ ಜಾರುತ್ತದೆ. ನುಣುಪು ಕಣ ಕಡಿಮೆಯಾದರೆ ಒತ್ತಡಕ್ಕೆ ನೀರು ಮುಂದೆ ಓಡಿ ಜಲ್ಲಿ ಹಿಂದೆ ಉಳಿದು ಕೊಳವೆ ಕಟ್ಟಿಕೊಳ್ಳುತ್ತದೆ. ಹೆಚ್ಚಾದರೆ ಮಾಲು ಅಂಟಂಟಾಗಿ ಯಂತ್ರ ಏದುಸಿರು ಬಿಡುತ್ತದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಹೆಸರಿಸಿರುವ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯ, ದಪ್ಪ ಹರಳಿನ ಬಂಡೆ. ಇಂಥ ಬಂಡೆಯನ್ನು ಒಡೆದ ಎಂ ಸ್ಯಾಂಡಿನ ಕಣಗಳಿಗೆ ನದಿ ಮರಳಿನ ದುಂಡುತನವಿರುವುದಿಲ್ಲ. ಒಂದು ಕ್ರಷರಿನ ಮಾಲಿನಲ್ಲಿರುವ ಪುಡಿಯ ಪ್ರಮಾಣ ಇನ್ನೊಂದರಲ್ಲಿ ಇರುವುದಿಲ್ಲ. ಜಲ್ಲಿ ಮತ್ತು ಮರಳಿನ ಮಾನಕವಾದ ಐಎಸ್ 383 ತಯಾರಿಸಿದ ಮರಳನ್ನು 2016ರ ಪರಿಷ್ಕರಣೆಯಲ್ಲಿ ಸ್ಪಷ್ಟವಾಗಿ ಒಳಗೊಂಡಿದ್ದರೂ, ಟ್ರ್ಯಾಕ್ಟರಿನಲ್ಲಿ ಬಂದು ಬೀಳುವ ಮರಳನ್ನು ಜರಡಿ ಹಿಡಿದು ಪರೀಕ್ಷಿಸುವ ರೂಢಿ ಮನೆ ಕಟ್ಟುವ ಜಾಗದಲ್ಲಿಲ್ಲ. ಆದ್ದರಿಂದ ಈ ಭಾಗದಲ್ಲಿ ಪಂಪು ಮಾರುವವನಿಗೆ ಅಶ್ವಶಕ್ತಿಗಿಂತ ಮೊದಲು ತಿಳಿದಿರಬೇಕಾದದ್ದು ಸುತ್ತಲಿನ ಕ್ರಷರುಗಳ ಮರಳಿನ ಗುಣ. ಮಾರ್ಕೆಟಿಂಗ್ ತರಬೇತಿಯ ಪಠ್ಯದಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ.

ಈ ಉದ್ಯಮದ ಇತಿಹಾಸವೇ ಬೇರೆ ಪಾಠ ಹೇಳುತ್ತದೆ. ಜರ್ಮನಿಯ ಮ್ಯಾಕ್ಸ್ ಗೀಸೆ ಮತ್ತು ಫ್ರಿಟ್ಜ್ ಹೆಲ್ 1927ರಲ್ಲಿ ಕಾಂಕ್ರೀಟನ್ನು ಪಂಪಿನಿಂದ ಸಾಗಿಸಿ ತೋರಿಸಿದರು. ಕಾರ್ಲ್ ಶ್ಲೆಷ್ಟ್ 1958ರಲ್ಲಿ ಆರಂಭಿಸಿದ ಪುಟ್ಸ್‌ಮೈಸ್ಟರ್ ಸಂಸ್ಥೆಯ ಪಂಪು ಬುರ್ಜ್ ಖಲೀಫಾದಲ್ಲಿ 600 ಮೀಟರಿಗಿಂತ ಮೇಲಕ್ಕೆ ಕಾಂಕ್ರೀಟ್ ಏರಿಸಿತು. ಆ ಸಂಸ್ಥೆ 2012ರಲ್ಲಿ ಚೀನಾದ ಸ್ಯಾನಿ ಕಂಪನಿಯ ಪಾಲಾಯಿತು. ಪ್ರಚಾರಕ್ಕೆ ಒದಗುವುದು ಇಂಥ ದಾಖಲೆಗಳೇ. ಆದರೆ ಕರ್ನಾಟಕದಲ್ಲೇ ಬೆಳೆದ ಯಶಸ್ಸು ನೆಲಮಟ್ಟದ್ದು. 1992ರಲ್ಲಿ ಆರಂಭವಾಗಿ, ದೊಡ್ಡಬಳ್ಳಾಪುರದ ಸುತ್ತ ಕಾರ್ಖಾನೆಗಳನ್ನು ಹೊಂದಿ, 2025ರ ಫೆಬ್ರುವರಿಯಲ್ಲಿ ಷೇರುಪೇಟೆ ಪ್ರವೇಶಿಸಿದ ಅಜಾಕ್ಸ್ ಎಂಜಿನಿಯರಿಂಗ್ ಸಂಸ್ಥೆ ಹೆಸರು ಮಾಡಿದ್ದು ಸೆಲ್ಫ್ ಲೋಡಿಂಗ್ ಮಿಕ್ಸರಿನಿಂದ, ಅಂದರೆ ತನ್ನದೇ ಬಕೆಟಿನಿಂದ ಜಲ್ಲಿ, ಮರಳು ತುಂಬಿಕೊಂಡು, ಕಲಸುತ್ತಲೇ ಕೆಲಸದ ಜಾಗಕ್ಕೆ ನಡೆದುಹೋಗುವ ಯಂತ್ರದಿಂದ. ದೇಶದ ಈ ಬಗೆಯ ಯಂತ್ರಗಳ ಮಾರಾಟದಲ್ಲಿ ಮುಕ್ಕಾಲರಷ್ಟು ಪಾಲು ತನ್ನದೆಂದು ಷೇರು ವಿತರಣೆಯ ದಾಖಲೆಯಲ್ಲಿ ಕಂಪನಿ ಹೇಳಿಕೊಂಡಿತ್ತು. ಚದುರಿದ ಸಣ್ಣ ಕೆಲಸ, ಕೆಟ್ಟ ದಾರಿ, ಹತ್ತಿರದಲ್ಲಿ ಇಲ್ಲದ ಆರ್‌ಎಂಸಿ ಘಟಕ ಎಂಬ ಭಾರತದ ಸ್ಥಿತಿಗೆ ಆ ಯಂತ್ರ ಹೊಂದಿಕೊಂಡಿತು. ಕೈಲಾಂಚದ ಪಂಚಾಯಿತಿ ರಸ್ತೆಗಳನ್ನು ಗುತ್ತಿಗೆ ಹಿಡಿಯುವವನಿಗೆ ಬೂಮ್ ಪಂಪಿಗಿಂತ, ಅಂದರೆ ಲಾರಿಯ ಮೇಲೆ ಮಡಚುವ ತೋಳಿರುವ ಪಂಪಿಗಿಂತ, ಇಂಥದ್ದೇ ಹೆಚ್ಚು ಒದಗುತ್ತದೆ. ಅದಕ್ಕೂ ಮಿತಿಯಿದೆ: 2025ರ ಜನವರಿಯಿಂದ ಇಂಥ ವಾಹನಗಳಿಗೆ ಐದನೆಯ ಹಂತದ ಹೊಗೆ ಮಾನಕ ಕಡ್ಡಾಯವಾದ ಮೇಲೆ ಎಂಜಿನ್ ಜಟಿಲವಾಗಿದ್ದು, ಊರ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಪಡಿಸುವ ಕಾಲ ಮುಗಿಯುತ್ತ ಬಂದಿದೆ.

ಇಷ್ಟಿದ್ದೂ ತಪ್ಪು ಯಂತ್ರ ತಪ್ಪು ಜಾಗಕ್ಕೆ ಮಾರಾಟವಾಗುವುದೇಕೆ? ಕಾರಣ ಪ್ರತಿನಿಧಿಯ ಸ್ವಭಾವಕ್ಕಿಂತ ಅವನನ್ನು ಅಳೆಯುವ ಕೋಲಿನಲ್ಲಿದೆ. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಎಕ್ಸ್‌ಕಾನ್ ಎಂಬ ನಿರ್ಮಾಣ ಯಂತ್ರಗಳ ಮೇಳದಲ್ಲಿ ಎಷ್ಟು ವಿಚಾರಣೆ ಬಂದವು, ಆಯುಧಪೂಜೆಯ ಕೊಡುಗೆಯಲ್ಲಿ ಎಷ್ಟು ಬುಕಿಂಗ್ ಆದವು, ತ್ರೈಮಾಸಿಕದ ಕೊನೆಗೆ ಎಷ್ಟು ಯಂತ್ರ ಬಿಲ್ಲಾದವು ಎಂಬುದರ ಮೇಲೆ ಅವನ ಇನ್ಸೆಂಟಿವ್ ನಿಂತಿರುತ್ತದೆ. ಯಂತ್ರ ಆಮೇಲೆ ತಿಂಗಳಿಗೆ ಎಷ್ಟು ಗಂಟೆ ದುಡಿಯಿತೆಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಜಮೀನಿನ ಒಂದು ಭಾಗ ಮಾರಿಯೋ ಅಡವಿಟ್ಟೋ ಮುಂಗಡ ಕಟ್ಟಿ, ಪಂಪನ್ನು ಬಾಡಿಗೆಗೆ ಬಿಡುವ ಆಸೆಯಿಂದ ಕಂತಿನ ಸಾಲಕ್ಕೆ ಸಹಿ ಹಾಕುವ ಹೋಬಳಿಯ ಯುವಕ, ಕೆಲಸವಿರಲಿ ಇಲ್ಲದಿರಲಿ ತಿಂಗಳಿಗೊಮ್ಮೆ ಕಂತು ಕಟ್ಟಲೇಬೇಕು. ಒಂದೇ ಪ್ರದೇಶದಲ್ಲಿ ನಾಲ್ವರಿಗೆ ಪಂಪು ಮಾರಿದರೆ ಕಂಪನಿಗೆ ನಾಲ್ಕು ಬಿಲ್ಲು, ನಾಲ್ವರಿಗೂ ಬಾಡಿಗೆ ಇಳಿಸುವ ಪೈಪೋಟಿ. ಹೀಗೆ ಮಾರಿದ ವಿಭಾಗ ದಕ್ಷವೆಂಬ ಶಹಬ್ಬಾಸ್‌ಗಿರಿ ಪಡೆಯುತ್ತದೆ.

ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದನ್ನು ಮುಂದಿಟ್ಟು, ಬೇಡಿಕೆ ಏರುತ್ತದೆ, ಆಳುಗಳು ಸಿಗುವುದಿಲ್ಲ, ಯಂತ್ರ ಅನಿವಾರ್ಯ ಎಂದು ಉದ್ಯಮದವರು ವಾದಿಸಬಹುದು. ಆಳಿನ ಅಭಾವ ನಿಜ. ಬಾಂಡ್ಲಿ ಹೊರುವ ಕೆಲಸ ಯಾರ ತಲೆಯ ಮೇಲಿಂದ ಇಳಿದರೂ ಒಳ್ಳೆಯದೇ. ಆದರೆ ಬಾಂಡ್ಲಿ ಹೊರುವವರನ್ನು ಹುಡುಕುವುದಕ್ಕಿಂತ ಪಂಪು ನಡೆಸುವವರನ್ನು ಹುಡುಕುವುದು ಕಷ್ಟ. ಕಟ್ಟಿಕೊಂಡ ಕೊಳವೆಯ ಕ್ಲ್ಯಾಂಪನ್ನು ಒತ್ತಡ ಇಳಿಸದೆ ಬಿಚ್ಚಿದರೆ ಮಾಲು ಮುಖಕ್ಕೆ ಸಿಡಿಯುತ್ತದೆ, ಗಾಳಿ ಸೇರಿದ ರಬ್ಬರ್ ಹೋಸ್ ಹಾವಿನಂತೆ ಬೀಸಿ ಮನುಷ್ಯನನ್ನು ಛಾವಣಿಯಿಂದ ಕೆಡವಬಲ್ಲದು. ಈ ಎರಡು ಎಚ್ಚರಿಕೆಗಳನ್ನು ಕನ್ನಡದಲ್ಲಿ ಚಿತ್ರಸಹಿತ ಅಚ್ಚುಹಾಕಿ ಯಂತ್ರದ ಮೇಲೆ ಅಂಟಿಸುವ ಖರ್ಚು, ಮೇಳದ ಮಳಿಗೆಯ ಒಂದು ದಿನದ ಅಲಂಕಾರದ ಖರ್ಚಿಗೂ ಸಮನಾಗದು. ಅದನ್ನು ಸೇವಾ ವಿಭಾಗದ ಹೊಣೆಯೆಂದು ಮಾರ್ಕೆಟಿಂಗ್ ವಿಭಾಗ ಕೈತೊಳೆದುಕೊಳ್ಳುವುದು ಸರಿಯಲ್ಲ, ಏಕೆಂದರೆ ಊರಿಗೆ ಮೊದಲು ಬರುವವರೂ ಮಾತು ಕೊಡುವವರೂ ಮಾರಾಟದವರೇ. ಇನ್ಸೆಂಟಿವ್‌ನ ಅರ್ಧವನ್ನಾದರೂ ಮೊದಲ ವರ್ಷದಲ್ಲಿ ಯಂತ್ರ ದುಡಿದ ಗಂಟೆಗಳಿಗೆ ಕಟ್ಟಿಹಾಕಿದರೆ, ಬೇಡವಾದ ಗಿರಾಕಿಗೆ ಬೇಡವೆಂದು ಹೇಳುವ ಧೈರ್ಯ ಪ್ರತಿನಿಧಿಗೆ ತಾನಾಗಿ ಬರುತ್ತದೆ. ಯಂತ್ರದ ಗಂಟೆ ಮೀಟರಿನಲ್ಲಿ ಆ ಅಂಕಿ ಈಗಲೂ ದಾಖಲಾಗುತ್ತಲೇ ಇದೆ.

ಅಲ್ಲಿಯವರೆಗೆ ಎಚ್ಚರ ಕೊಳ್ಳುವವರದೇ. ಮೂವತ್ತು ಕಿಲೋಮೀಟರಿನೊಳಗೆ ಈಗಾಗಲೇ ಎಷ್ಟು ಪಂಪುಗಳು ಬಾಡಿಗೆಗಿವೆ, ಸವೆದ ಕವಾಟ ಮತ್ತು ಪಿಸ್ಟನ್ ರಬ್ಬರು ರಾಮನಗರದಲ್ಲಿ ಸಿಗುತ್ತವೆಯೋ ಬೆಂಗಳೂರಿನಿಂದ ತರಿಸಬೇಕೋ, ಮಾಲು ಕೊಳವೆಯಲ್ಲಿ ಗಟ್ಟಿಯಾಗುತ್ತಿರುವಾಗ ಫೋನ್ ಮಾಡಿದರೆ ಯಾರು ಎಷ್ಟು ಗಂಟೆಯೊಳಗೆ ಬರುತ್ತಾರೆ ಎಂಬುದಕ್ಕೆ ಡೀಲರಿನಿಂದ ಲಿಖಿತ ಉತ್ತರ ಪಡೆಯದೆ ಕೈಲಾಂಚದ ಯಾರೂ ಸಾಲದ ಕಾಗದಕ್ಕೆ ಸಹಿ ಹಾಕಬಾರದು.